ಮಂಡಿ ಆಪರೇಷನ್: ದಿನ ಗೊತ್ತುಮಾಡುವ ಮೊದಲು

(ಟ್ರಸ್ಟ್‌ನ ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)





ಈ ವೇದಿಕೆಯಲ್ಲಿ ಸಾಮಾನ್ಯವಾಗಿ ನಾನು ಮಾತಾಡುವುದು ಪರೀಕ್ಷೆ, ಅಂಕ, ಮುಂದಿನ ಕೋರ್ಸ್‌ಗಳ ಬಗ್ಗೆ. ಈ ಸಲ ಮಂಡಿ ಆಪರೇಷನ್ ಬಗ್ಗೆ ಮಾತಾಡುತ್ತೇನೆ ಎಂದಾಗ ಕಾರ್ಯದರ್ಶಿಗಳು ನಕ್ಕರು. "ಟೀಚರ್, ಅದಕ್ಕೆ ಡಾಕ್ಟರನ್ನೇ ಕರೆಯಬಹುದಲ್ಲ" ಎಂದರು. ಅವರ ಮಾತು ಸರಿ. ನಾನು ಡಾಕ್ಟರಲ್ಲ. ಯಾರಿಗೆ ಆಪರೇಷನ್ ಬೇಕು, ಯಾರಿಗೆ ಬೇಡ, ಯಾವ ಕೀಲು ಹಾಕಬೇಕು ಎಂಬುದನ್ನು ನಾನು ಹೇಳುವುದಿಲ್ಲ. ನಾನು 33 ವರ್ಷ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿದವಳು, ಹಲವು ವರ್ಷ ಶಾಲೆಯ ಟೈಮ್‌ಟೇಬಲ್ ಹಾಕಿದವಳು. ಇವತ್ತು ಹೇಳಲಿಕ್ಕಿರುವುದೂ ಒಂದು ಟೈಮ್‌ಟೇಬಲ್ ವಿಷಯವೇ. ಆಪರೇಷನ್ ವಾರದ ಯಾವ ದಿನ, ದಿನದ ಯಾವ ಹೊತ್ತಿಗೆ ಆಗುತ್ತದೆ ಎಂಬುದರ ಮೇಲೆ ರೋಗಿ ಆಸ್ಪತ್ರೆಯಲ್ಲಿ ಎಷ್ಟು ರಾತ್ರಿ ಕಳೆಯುತ್ತಾರೆ ಎಂಬುದು ಸ್ವಲ್ಪ ಮಟ್ಟಿಗೆ ನಿಂತಿದೆ. ನಮ್ಮ ಮನೆಗಳಲ್ಲಿ ಒಂದು ರಾತ್ರಿ ಹೆಚ್ಚಾದರೆ ಅದರ ಬೆಲೆ ಯಾರು ಕೊಡುತ್ತಾರೆ ಎಂಬುದನ್ನು ನಾನು ಹಾಜರಿ ಪುಸ್ತಕದಲ್ಲಿ ನೋಡಿದ್ದೇನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಹೃದಯಾಘಾತವಾದರೆ, ಹೆರಿಗೆ ನೋವು ಬಂದರೆ, ಬಿದ್ದು ಎಲುಬು ಮುರಿದರೆ ದಿನ ನೋಡುತ್ತಾ ಕೂರುವ ಹಾಗಿಲ್ಲ, ಕೂಡಲೇ ಹೋಗಬೇಕು. ಸವೆದ ಮಂಡಿಯ ವಿಷಯ ಹಾಗಲ್ಲ. ಅದು ವರ್ಷಗಟ್ಟಲೆ ಸವೆದು ಸವೆದು ಬಂದದ್ದು. ಡಾಕ್ಟರು "ಕೀಲು ಬದಲಿಸಬೇಕು" ಎಂದ ಮೇಲೂ ಸಾಮಾನ್ಯವಾಗಿ ಕೆಲವು ವಾರ, ಕೆಲವು ತಿಂಗಳು ಸಮಯ ಇರುತ್ತದೆ. ಅಂದರೆ ದಿನ ಗೊತ್ತುಮಾಡುವುದರಲ್ಲಿ ನಮ್ಮ ಮಾತಿಗೂ ಜಾಗ ಇದೆ. ಆದರೆ ಆ ಜಾಗವನ್ನು ನಾವು ಬಳಸುವುದಿಲ್ಲ. "ಯಾವಾಗ ಬರಲಿ ಸಾರ್?" ಎಂದು ಕೇಳುತ್ತೇವೆ, ಅವರು ಹೇಳಿದ ತಾರೀಕನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತೇವೆ. ಇನ್ನು ಕೆಲವರು ಶುಕ್ರವಾರ ಬರಕತ್ತಿನ ದಿನ, ಅಂದೇ ಆಗಲಿ ಎಂದು ಕೇಳಿಕೊಳ್ಳುತ್ತಾರೆ. ನೆರೆಯ ಹಿಂದೂ ಮನೆಗಳಲ್ಲಿ ಅಮಾವಾಸ್ಯೆ, ರಾಹುಕಾಲ ತಪ್ಪಿಸಿ ಕೇಳುತ್ತಾರೆ. ಅವರವರ ನಂಬಿಕೆಗೆ ನಾನು ಅಡ್ಡ ಬರುವುದಿಲ್ಲ. ಆದರೆ ಆಪರೇಷನ್ನಿನ ದಿನದ ಬಗ್ಗೆ ಇಷ್ಟು ಯೋಚಿಸುವ ನಾವು ಅದರ ಮರುದಿನ, ಅದರ ಮರುದಿನದ ಬಗ್ಗೆ ಯೋಚಿಸುವುದೇ ಇಲ್ಲ. ಮಂಡಿಯ ವಿಷಯದಲ್ಲಿ ಆ ಎರಡು ದಿನಗಳೇ ಮುಖ್ಯ.

ಏಕೆ ಎಂದು ಹೇಳುತ್ತೇನೆ. ಮಂಡಿ ಆಪರೇಷನ್ನಿನಲ್ಲಿ ತೊಡೆಯ ಎಲುಬಿನ ಕೆಳತುದಿ, ಕಾಲಿನ ಎಲುಬಿನ ಮೇಲ್ತುದಿ, ಇವೆರಡರ ಸವೆದ ಮೇಲ್ಮೈಯನ್ನು ತೆಳುವಾಗಿ ಕತ್ತರಿಸಿ ತೆಗೆದು, ಅಲ್ಲಿ ಲೋಹದ ಹೊದಿಕೆ ಕೂರಿಸುತ್ತಾರೆ. ಎರಡು ಲೋಹಗಳ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಇರುತ್ತದೆ. ಕೆಲಸ ಸುಮಾರು ಒಂದರಿಂದ ಎರಡು ಗಂಟೆಯದು. ಬಹಳಷ್ಟು ಕಡೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿ ಮಾಡುತ್ತಾರೆ. ಆ ಮರಗಟ್ಟುವಿಕೆ ಬಿಡಲು ಕೆಲವು ಗಂಟೆ ಬೇಕು. ಅದು ಬಿಟ್ಟ ಮೇಲೆ ಪಾದ ಆಡಿಸುವುದು, ತೊಡೆ ಬಿಗಿಹಿಡಿಯುವುದು, ಹಾಸಿಗೆಯ ಅಂಚಿನಲ್ಲಿ ಕೂರುವುದು, ವಾಕರ್ ಹಿಡಿದು ನಿಲ್ಲುವುದು, ನಾಲ್ಕು ಹೆಜ್ಜೆ ಇಡುವುದು, ಹೀಗೆ ಒಂದೊಂದೇ ಪಾಠ. ಈ ಪಾಠ ಹೇಳಿಕೊಡುವವರು ಫಿಸಿಯೋಥೆರಪಿಸ್ಟ್. ಕೀಲು ಕೂರಿಸುವುದು ಸರ್ಜನ್ ಕೆಲಸ. ಆ ಕೀಲಿನ ಮೇಲೆ ನಡೆಯುವುದನ್ನು ರೋಗಿಯೇ ಕಲಿಯಬೇಕು.

ಸಾಮಾನ್ಯವಾಗಿ ರೋಗಿಯನ್ನು ಮನೆಗೆ ಕಳಿಸುವ ಮುಂಚೆ ಆಸ್ಪತ್ರೆಯವರು ನೋಡುವುದು ಇವನ್ನು: ವಾಕರ್ ಹಿಡಿದು ನಡೆಯುತ್ತಾರೆಯೇ, ಟಾಯ್ಲೆಟ್ಟಿಗೆ ಹೋಗಿ ಬರುತ್ತಾರೆಯೇ, ನೋವು ಇಂಜೆಕ್ಷನ್ ಇಲ್ಲದೆ ಮಾತ್ರೆಯಲ್ಲೇ ತಡೆಯುವಷ್ಟು ಇದೆಯೇ, ಗಾಯ ಒಣಗಿದೆಯೇ, ಮನೆಗೆ ಮೆಟ್ಟಿಲಿದ್ದರೆ ಹತ್ತಿ ಇಳಿಯಲು ಕಲಿತಿದ್ದಾರೆಯೇ. ಈ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಫಿಸಿಯೋಥೆರಪಿಸ್ಟ್ ಬಂದು ಕಲಿಸಿದ ಮೇಲೆಯೇ ಆಗುವಂಥದ್ದು. ಅವರು ಬರದ ದಿನ ರೋಗಿಯ ಮಟ್ಟಿಗೆ ರಜೆಯ ದಿನ. ಶಾಲೆಯ ರಜೆಯಲ್ಲಿ ಮಕ್ಕಳು ಆಟವಾಡುತ್ತಾರೆ, ಈ ರಜೆಯಲ್ಲಿ ಬಿಲ್ ಓಡುತ್ತದೆ.

ಈಗ ಹೊತ್ತಿನ ಲೆಕ್ಕ ನೋಡಿ. ಬೆಳಿಗ್ಗೆ ಎಂಟೂವರೆಗೆ ಆಪರೇಷನ್ ಶುರುವಾದರೆ ಮಧ್ಯಾಹ್ನದ ಹೊತ್ತಿಗೆ ಕಾಲಿಗೆ ಸ್ಪರ್ಶ ಬರುತ್ತದೆ. ನಾಲ್ಕು ಗಂಟೆಗೆ ಫಿಸಿಯೋಥೆರಪಿಸ್ಟ್ ಇನ್ನೂ ಡ್ಯೂಟಿಯಲ್ಲಿರುತ್ತಾರೆ, ಬಂದು ಅಂದೇ ನಿಲ್ಲಿಸಬಹುದು. ಅದೇ ಆಪರೇಷನ್ ಮಧ್ಯಾಹ್ನ ಮೂರೂವರೆಗೆ ಶುರುವಾದರೆ ಕಾಲು ಎಚ್ಚರಗೊಳ್ಳುವುದು ರಾತ್ರಿ. ಆಗ ವಾರ್ಡಿನಲ್ಲಿ ಒಬ್ಬಿಬ್ಬರು ನರ್ಸ್ ಮಾತ್ರ. ಮೊದಲ ಹೆಜ್ಜೆ ಮರುದಿನಕ್ಕೆ ಹೋಯಿತು. ಕತ್ತರಿ ಹಿಡಿದ ಕೈ ಅದೇ, ಕೀಲು ಅದೇ, ಆದರೂ ಒಂದು ದಿನದ ಪಾಠ ತಪ್ಪಿತು. ಮಧ್ಯಾಹ್ನದ ಪಟ್ಟಿಗೆ ಇನ್ನೊಂದು ತೊಂದರೆಯೂ ಇದೆ. ಮುಂದಿನ ಕೇಸ್ ತಡವಾದರೆ ಹಿಂದಿನವರೆಲ್ಲ ತಡ. ಬೆಳಗಿನ ಕೇಸಿನಲ್ಲಿ ಅಂದುಕೊಳ್ಳದ ತೊಡಕು ಬಂದರೆ ಕೊನೆಯವರ ಆಪರೇಷನ್ ಸಂಜೆಗೆ ಹೋಗುತ್ತದೆ, ಇಲ್ಲವೇ "ನಾಳೆ ಮಾಡೋಣ" ಎಂದಾಗುತ್ತದೆ. ಅಷ್ಟು ಹೊತ್ತು ಅವರು ಹೊಟ್ಟೆಗೆ ಇಲ್ಲದೆ ಮಲಗಿರಬೇಕು.

ಇನ್ನು ವಾರದ ಲೆಕ್ಕ. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಭಾನುವಾರ ಎಮರ್ಜೆನ್ಸಿ ಇರುತ್ತದೆ, ವಾರ್ಡ್ ಇರುತ್ತದೆ, ನರ್ಸ್ ಇರುತ್ತಾರೆ. ಫಿಸಿಯೋಥೆರಪಿ ವಿಭಾಗದ ಬಾಗಿಲು ಮುಚ್ಚಿರುತ್ತದೆ. ಬಿಲ್ಲಿಂಗ್, ಇನ್ಶೂರೆನ್ಸ್ ಡೆಸ್ಕಿನಲ್ಲಿ ಒಬ್ಬರೇ ಇರುತ್ತಾರೆ. ದೊಡ್ಡ ಡಾಕ್ಟರ ರೌಂಡ್ಸ್ ಸೋಮವಾರಕ್ಕೆ. ಹಾಗಾಗಿ ಸೋಮವಾರ ಆಪರೇಷನ್ ಆದವರಿಗೆ ಮುಂದೆ ನಾಲ್ಕು ಪೂರ್ತಿ ಕೆಲಸದ ದಿನ, ಜೊತೆಗೆ ಶನಿವಾರದ ಅರ್ಧ ದಿನ ಸಿಗುತ್ತವೆ. ಶುಕ್ರವಾರ ಸಂಜೆ ಆದವರಿಗೆ ಸಿಗುವುದು ಶನಿವಾರ ಒಂದೇ, ಅದೂ ಅರ್ಧ ದಿನ.

ನಮ್ಮ ಕುಟುಂಬದ ಒಂದು ಉದಾಹರಣೆ ಕೊಡುತ್ತೇನೆ. ನನ್ನ ಅಕ್ಕನಿಗೆ ಮತ್ತು ಅವಳ ಪಕ್ಕದ ಮನೆಯ ಒಬ್ಬ ಹಿರಿಯರಿಗೆ ಒಂದೇ ಆಸ್ಪತ್ರೆಯಲ್ಲಿ, ಒಬ್ಬರೇ ಸರ್ಜನ್, ಕೆಲವು ವಾರಗಳ ಅಂತರದಲ್ಲಿ ಮಂಡಿ ಆಪರೇಷನ್ ಮಾಡಿದರು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಇಬ್ಬರಿಗೂ ಸಕ್ಕರೆ ಕಾಯಿಲೆ ಇತ್ತು, ಹತೋಟಿಯಲ್ಲಿತ್ತು. ಅಕ್ಕನದು ಸೋಮವಾರದ ಮೊದಲ ಕೇಸ್. ಅಂದೇ ಸಂಜೆ ವಾಕರ್ ಹಿಡಿದು ಎದ್ದು ನಿಂತಳು, ಗುರುವಾರ ಮನೆಗೆ ಬಂದಳು. ಮೂರು ರಾತ್ರಿ. ಅವರದು ಶುಕ್ರವಾರದ ಕೊನೆಯ ಕೇಸ್. ರಾತ್ರಿ ಎಂಟಕ್ಕೆ ಕಾಲಿಗೆ ಸ್ಪರ್ಶ ಬಂತು. ಶನಿವಾರ ಬೆಳಿಗ್ಗೆ ಒಮ್ಮೆ ಎಬ್ಬಿಸಿದರು, ತಲೆ ಸುತ್ತಿತು, ಮತ್ತೆ ಮಲಗಿಸಿದರು. ಭಾನುವಾರ ಯಾರೂ ಬರಲಿಲ್ಲ. ಸೋಮವಾರ ಮತ್ತೆ ಮೊದಲಿನಿಂದ ಶುರು. ಮನೆಗೆ ಬಂದದ್ದು ಬುಧವಾರ. ಐದು ರಾತ್ರಿ. ಇದರಲ್ಲಿ ಸರ್ಜನ್‌ದು ಕೊರತೆಯಿಲ್ಲ, ನರ್ಸ್‌ಗಳದ್ದೂ ಕೊರತೆಯಿಲ್ಲ. ವಾರದ ಟೈಮ್‌ಟೇಬಲ್ ಇದ್ದದ್ದೇ ಹಾಗೆ.

ಇಬ್ಬರ ಕತೆ ಇಟ್ಟುಕೊಂಡು ಸಿದ್ಧಾಂತ ಕಟ್ಟಬಾರದು ಎಂದು ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಟ್ಟಿದ್ದೇನೆ. ಹಾಗಾಗಿ ದೊಡ್ಡ ಲೆಕ್ಕವನ್ನೂ ನೋಡಿದೆ. ಅಮೆರಿಕ, ಯೂರೋಪುಗಳಲ್ಲಿ ಸಾವಿರಾರು ರೋಗಿಗಳ ದಾಖಲೆ ಇಟ್ಟುಕೊಂಡು ಇದನ್ನು ಪರಿಶೀಲಿಸಿದ್ದಾರೆ. ವಾರದ ಕೊನೆಯಲ್ಲಿ ಆಪರೇಷನ್ ಆದವರು ವಾರದ ಮೊದಲಲ್ಲಿ ಆದವರಿಗಿಂತ, ಮಧ್ಯಾಹ್ನದವರು ಬೆಳಗಿನವರಿಗಿಂತ ಹೆಚ್ಚು ಹೊತ್ತು ಆಸ್ಪತ್ರೆಯಲ್ಲಿರುತ್ತಾರೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸರಾಸರಿಯಲ್ಲಿ ವ್ಯತ್ಯಾಸ ಸಾಮಾನ್ಯವಾಗಿ ಒಂದು ದಿನದ ಒಳಗೇ. "ಅಷ್ಟೇನಾ?" ಎಂದು ನಿಮಗೆ ಅನ್ನಿಸಬಹುದು. ಸರಾಸರಿ ಎಂದರೆ ಏನೆಂದು ಗಣಿತದ ಮಕ್ಕಳಿಗೆ ಗೊತ್ತು. ಅರ್ಧ ದಿನದ ಸರಾಸರಿ ಎಂದರೆ ಎಲ್ಲರಿಗೂ ಅರ್ಧರ್ಧ ದಿನ ಹೆಚ್ಚು ಎಂದಲ್ಲ. ಮೂವರಿಗೆ ಏನೂ ವ್ಯತ್ಯಾಸವಿಲ್ಲ, ನಾಲ್ಕನೆಯವರಿಗೆ ಎರಡು ದಿನ ಹೆಚ್ಚು, ಆಗಲೂ ಸರಾಸರಿ ಅರ್ಧ ದಿನವೇ. ಆ ನಾಲ್ಕನೆಯವರು ನಮ್ಮ ಮನೆಯವರೇ ಆಗಿರಬಹುದು. ಇನ್ನೊಂದು ಮಾತನ್ನೂ ಸೇರಿಸಬೇಕು. ವಾರವಿಡೀ, ಭಾನುವಾರವೂ ಫಿಸಿಯೋಥೆರಪಿ ನಡೆಯುವ ಆಸ್ಪತ್ರೆಗಳಲ್ಲಿ ಈ ವ್ಯತ್ಯಾಸ ಬಹಳ ಕಡಿಮೆ, ಕೆಲವು ಕಡೆ ಇಲ್ಲವೇ ಇಲ್ಲ. ಅಂದರೆ ಶುಕ್ರವಾರದಲ್ಲಿ ದೋಷವಿಲ್ಲ. ಭಾನುವಾರ ಯಾರು ಬರುತ್ತಾರೆ ಎಂಬುದೇ ಪ್ರಶ್ನೆ.

ಇದನ್ನು ಚೆನ್ನಾಗಿ ಮಾಡಿ ತೋರಿಸಿದ ದೇಶ ಡೆನ್ಮಾರ್ಕ್. ಹೆನ್ರಿಕ್ ಕೆಹ್ಲೆಟ್ ಎಂಬ ಸರ್ಜನ್ 1990ರ ದಶಕದಲ್ಲಿ ಒಂದು ಸರಳ ಪ್ರಶ್ನೆ ಎತ್ತಿದರು: ಆಪರೇಷನ್ ಆದ ರೋಗಿ ಇವತ್ತು ಆಸ್ಪತ್ರೆಯಲ್ಲಿ ಏಕೆ ಇದ್ದಾನೆ? ಅವರು ಶುರುಮಾಡಿದ್ದು ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ. ನೋವು ಚೆನ್ನಾಗಿ ತಡೆಯುವುದು, ಬೇಗ ಊಟ ಕೊಡುವುದು, ಬೇಗ ಎಬ್ಬಿಸಿ ನಡೆಸುವುದು, ಮೊದಲೇ ತಿಳಿಹೇಳುವುದು, ಇಷ್ಟರಿಂದ ದಿನಗಳು ಕಡಿಮೆಯಾದವು. ಆಮೇಲೆ ಅದೇ ಕ್ರಮ ಸೊಂಟ, ಮಂಡಿ ಕೀಲುಗಳ ಆಪರೇಷನ್ನಿಗೂ ಬಂತು. ಕೋಪನ್‌ಹೇಗನ್ನಿನ ವಿಡೋವ್ರೆ ಆಸ್ಪತ್ರೆಯ ತಂಡ 712 ರೋಗಿಗಳ ಲೆಕ್ಕವನ್ನು 2008ರಲ್ಲಿ ಪ್ರಕಟಿಸಿತು. ವಯಸ್ಸು, ಇತರ ಕಾಯಿಲೆ, ರಕ್ತದ ಹಿಮೋಗ್ಲೋಬಿನ್ ಇವುಗಳ ಜೊತೆಗೆ, ಆಪರೇಷನ್ ಆದ ಮೇಲೆ ಎಷ್ಟು ಹೊತ್ತಿಗೆ ರೋಗಿಯನ್ನು ಎಬ್ಬಿಸಿದರು ಎಂಬುದೂ ದಿನಗಳ ಲೆಕ್ಕವನ್ನು ಬದಲಿಸುತ್ತದೆ ಎಂದು ಅವರು ಕಂಡರು. 2011ರಲ್ಲಿ ಮತ್ತೊಂದು ಅಧ್ಯಯನ, ರೋಗಿಗಳು ಇನ್ನೂ ಆಸ್ಪತ್ರೆಯಲ್ಲೇ ಏಕೆ ಇದ್ದಾರೆ ಎಂಬುದರ ಬಗ್ಗೆ. ನೋವು, ತಲೆಸುತ್ತು, ನಿಶ್ಶಕ್ತಿ ಮುಖ್ಯ ಕಾರಣ. ಅವುಗಳ ಜೊತೆಗೆ ಫಿಸಿಯೋಥೆರಪಿ ಶುರುವಾಗಲು ಕಾಯುವುದು, ರಕ್ತ ಏರಿಸಲು ಕಾಯುವುದು, ಎಕ್ಸ್‌ರೇಗೆ ಕಾಯುವುದು. ಅಷ್ಟು ಅಚ್ಚುಕಟ್ಟಾದ ದೇಶದಲ್ಲೂ ರೋಗಿ ಕಾಯುವುದರಲ್ಲೇ ಹೊತ್ತು ಕಳೆಯುತ್ತಾನೆ ಎಂದಾದರೆ ನಮ್ಮಲ್ಲಿ ಕೇಳಬೇಕೆ?

ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಆಪರೇಷನ್ನಿಗೆ ಮೊದಲೇ ರೋಗಿಗಳನ್ನು ಒಟ್ಟಿಗೆ ಕೂರಿಸಿ ಒಂದು ಕ್ಲಾಸ್ ತೆಗೆದುಕೊಳ್ಳುತ್ತಾರೆ. ಅದಕ್ಕೆ 'ಜಾಯಿಂಟ್ ಸ್ಕೂಲ್' ಎಂದೇ ಹೆಸರು, ಕೀಲಿನ ಶಾಲೆ. ವಾಕರ್ ಹಿಡಿಯುವುದು, ವ್ಯಾಯಾಮ, ಮನೆಯಲ್ಲಿ ಏನು ಸಿದ್ಧಮಾಡಬೇಕು, ಎಲ್ಲ ಅಲ್ಲಿಯೇ ಕಲಿಸುತ್ತಾರೆ. ಆಪರೇಷನ್ ಆಗಿ ನೋವಿನಲ್ಲಿರುವಾಗ ಹೊಸ ಪಾಠ ತಲೆಗೆ ಹತ್ತುವುದಿಲ್ಲ. ಇದು ಮಂಡಿಗೆ ಮಾತ್ರ ಅಲ್ಲ, ಒಂಬತ್ತನೇ ತರಗತಿಯ ಬೀಜಗಣಿತಕ್ಕೂ ನಿಜ. ನಮ್ಮಲ್ಲಿ ಅಂಥ ಕ್ಲಾಸ್ ಇಲ್ಲದಿದ್ದರೂ ಒಂದು ವಾರ ಮೊದಲು ಫಿಸಿಯೋಥೆರಪಿಸ್ಟರನ್ನು ಅರ್ಧ ಗಂಟೆ ಕಂಡು ಇಷ್ಟನ್ನು ಕಲಿತುಕೊಂಡರೆ ಮೊದಲ ದಿನ ಸುಲಭವಾಗುತ್ತದೆ.

ಸರಿಯಾದ ದಿನ, ಸರಿಯಾದ ಹೊತ್ತು ಸಿಕ್ಕರೂ ಅದು ಕೊನೆಯ ಗಳಿಗೆಯಲ್ಲಿ ತಪ್ಪಿಹೋಗಬಹುದು. ಅಡ್ಮಿಟ್ ಆದ ಮೇಲೆ ಸಕ್ಕರೆ ಜಾಸ್ತಿ ಬಂತು, ಬಿಪಿ ಏರಿತು, ಮೂತ್ರದಲ್ಲಿ ಸೋಂಕು ಕಂಡಿತು, ಕಾಲಿನಲ್ಲಿ ಗಾಯ ಇದೆ, ಹಲ್ಲಿನಲ್ಲಿ ಕೀವು ಇದೆ ಎಂದು ಆಪರೇಷನ್ ಮುಂದೆ ಹಾಕುತ್ತಾರೆ. ಹಾಗೆ ಮಾಡುವುದು ಸರಿಯೇ. ಹೊಸ ಕೀಲಿಗೆ ಸೋಂಕು ತಗಲಿದರೆ ಮತ್ತೆ ತೆರೆಯಬೇಕಾಗುತ್ತದೆ, ಅದು ದೊಡ್ಡ ಕಷ್ಟ. ಆದರೆ ಈ ಪರೀಕ್ಷೆಗಳನ್ನು ಹದಿನೈದು ಇಪ್ಪತ್ತು ದಿನ ಮೊದಲೇ ಮಾಡಿಸಿದರೆ ಸರಿಪಡಿಸಲು ಸಮಯ ಇರುತ್ತದೆ. ಮೂರು ತಿಂಗಳ ಸಕ್ಕರೆಯ ಲೆಕ್ಕ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಹಿಂದಿನ ದಿನ ಮಾಡಿಸಿ ಏನು ಪ್ರಯೋಜನ? ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮಾತ್ರೆಯಲ್ಲಿ ಅದು ಏರಲು ವಾರಗಳು ಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಯಾವಾಗ ನಿಲ್ಲಿಸಬೇಕು ಎಂದು ಡಾಕ್ಟರನ್ನೇ ಕೇಳಬೇಕು, ತಾವಾಗಿ ನಿಲ್ಲಿಸಬಾರದು. ಸಕ್ಕರೆ ಕಾಯಿಲೆ ಇರುವವರು "ಬೆಳಗಿನ ಮೊದಲ ಕೇಸಿನಲ್ಲಿ ಹಾಕಬಹುದೇ?" ಎಂದು ಕೇಳಿದರೆ ಡಾಕ್ಟರಿಗೆ ಬೇಸರವಾಗುವುದಿಲ್ಲ. ಹೆಚ್ಚು ಹೊತ್ತು ಉಪವಾಸ ಇಡುವುದು ಅವರಿಗೂ ಇಷ್ಟವಿಲ್ಲ.

ಇನ್ನು ಹಣದ ಮಾತು. ದಾನಿಗಳು ಇಲ್ಲಿದ್ದಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಮಂಡಿ ಕೀಲಿನ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿನ ಬೆಲೆ, ತೆರಿಗೆ ಬಿಟ್ಟು, 54,720 ರೂಪಾಯಿಗೆ ಇಳಿಯಿತು. ಅದಕ್ಕೂ ಮೊದಲು ಸರಾಸರಿ ಒಂದೂವರೆ ಲಕ್ಷಕ್ಕಿಂತ ಮೇಲೆ ಇತ್ತು. ಬಡವರಿಗೆ ಇದು ದೊಡ್ಡ ಉಪಕಾರ. ಆದರೆ ಮಿತಿ ಹಾಕಿದ್ದು ಕೀಲಿನ ಬೆಲೆಗೆ, ಆಸ್ಪತ್ರೆಯ ದಿನಗಳಿಗಲ್ಲ. ಖಾಸಗಿ ಆಸ್ಪತ್ರೆಯವರು 'ಪ್ಯಾಕೇಜ್' ಎಂದು ಒಂದು ಮೊತ್ತ ಹೇಳುತ್ತಾರೆ. ಅದರೊಳಗೆ ಎಷ್ಟು ದಿನ ಸೇರಿದೆ ಎಂದು ಕೇಳುವವರು ಕಡಿಮೆ. ಪ್ಯಾಕೇಜಿನ ದಿನ ಮುಗಿದ ಮೇಲೆ ರೂಮ್ ಬಾಡಿಗೆ, ನರ್ಸಿಂಗ್, ಔಷಧ, ಡಾಕ್ಟರ ವಿಸಿಟ್ ಎಲ್ಲ ಬೇರೆ ಬೇರೆಯಾಗಿ ಬಿಲ್ಲಿಗೆ ಸೇರುತ್ತವೆ. ನಮ್ಮ ಟ್ರಸ್ಟ್ ಕೊಡುವ ಝಕಾತ್, ಸದಕಾದ ಹಣ ರೋಗಿಯ ಕೀಲಿಗೆ ಹೋಗಲಿ, ಔಷಧಕ್ಕೆ ಹೋಗಲಿ. ಯಾರೂ ಬಂದು ನೋಡದ ಒಂದು ಭಾನುವಾರದ ರೂಮ್ ಬಾಡಿಗೆಗೆ ಏಕೆ ಹೋಗಬೇಕು?

ಇನ್ಶೂರೆನ್ಸ್ ಇರುವವರಿಗೆ ಒಂದು ಮಾತು. ಡಿಸ್ಚಾರ್ಜ್ ಬರೆದ ಮೇಲೂ ಕಂಪನಿಯ ಒಪ್ಪಿಗೆ ಬರಲಿಲ್ಲ ಎಂದು ರೋಗಿಯನ್ನು ಸಂಜೆವರೆಗೆ, ಕೆಲವೊಮ್ಮೆ ಮರುದಿನದವರೆಗೆ ಕೂರಿಸುವುದನ್ನು ನೀವು ನೋಡಿರಬಹುದು. 2024ರ ಮೇ ತಿಂಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ ಸುತ್ತೋಲೆಯ ಪ್ರಕಾರ, ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ಅದು ತಡಮಾಡಿದ್ದರಿಂದ ಆಸ್ಪತ್ರೆ ಹೆಚ್ಚುವರಿ ಹಣ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಇದು ಗೊತ್ತಿದ್ದರೆ ಡೆಸ್ಕಿನಲ್ಲಿ ವಿನಯದಿಂದ ಕೇಳಬಹುದು. ಸರ್ಕಾರಿ ಯೋಜನೆಯಲ್ಲಿ ಮಾಡಿಸುವವರು ಮಂಜೂರಾತಿ ಕೈಗೆ ಬಂದ ಮೇಲೆಯೇ ಅಡ್ಮಿಟ್ ಆಗುವುದು ಒಳ್ಳೆಯದು. ಹಾಸಿಗೆಯಲ್ಲಿ ಮಲಗಿ ಕಾಗದಕ್ಕೆ ಕಾಯುವ ಬದಲು ಮನೆಯಲ್ಲೇ ಕಾಯಬಹುದು.

ಈಗ ನಾನು ಈ ವಿಷಯ ಎತ್ತಿಕೊಂಡ ಮುಖ್ಯ ಕಾರಣಕ್ಕೆ ಬರುತ್ತೇನೆ. ರೋಗಿಯ ಜೊತೆ ಆಸ್ಪತ್ರೆಯಲ್ಲಿ ಯಾರು ಇರುತ್ತಾರೆ? ಮಗ ಕೆಲಸಕ್ಕೆ ಹೋಗಬೇಕು, ಇಲ್ಲದಿದ್ದರೆ ದಿನದ ಕೂಲಿ ಇಲ್ಲ. ಸೊಸೆಗೆ ಚಿಕ್ಕ ಮಗು. ಉಳಿದದ್ದು ಯಾರು? ಹೈಸ್ಕೂಲಿಗೆ ಹೋಗುವ ಮೊಮ್ಮಗಳು. ಹುಡುಗನಲ್ಲ, ಹುಡುಗಿ. ಅಜ್ಜಿಯನ್ನು ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಬೇಕಲ್ಲ, ಅದಕ್ಕೆ. ಆ ನೆರೆಮನೆಯ ಹಿರಿಯರ ಜೊತೆ ಇದ್ದದ್ದೂ ಒಂಬತ್ತನೇ ತರಗತಿಯ ಮೊಮ್ಮಗಳೇ. ಶನಿವಾರ, ಸೋಮವಾರ, ಮಂಗಳವಾರ, ಬುಧವಾರ, ನಾಲ್ಕು ದಿನ ಶಾಲೆ ತಪ್ಪಿತು. ಮನೆಗೆ ಬಂದ ಮೇಲೂ ಬೆಳಿಗ್ಗೆ ಅಜ್ಜಿಗೆ ವ್ಯಾಯಾಮ ಮಾಡಿಸಿ ಬರುವಾಗ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಮೊದಲ ಪೀರಿಯಡ್ ಗಣಿತ. ಸೇವೆ ಮಾಡಿದ ಹುಡುಗಿ ಪುಣ್ಯವಂತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದಿನವನ್ನು ಸರಿಯಾಗಿ ಗೊತ್ತುಮಾಡಿದ್ದರೆ ಸೇವೆಯೂ ಆಗುತ್ತಿತ್ತು, ಪಾಠವೂ ತಪ್ಪುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಹಾಜರಿ ಕೊರತೆಯ ಪಟ್ಟಿಯಲ್ಲಿ ಹುಡುಗಿಯರ ಹೆಸರು ಬಂದಾಗ ಮನೆಗೆ ಹೋಗಿ ವಿಚಾರಿಸಿದರೆ, ಎಷ್ಟೋ ಸಲ ಕಾರಣ ಹಿರಿಯರ ಆಸ್ಪತ್ರೆ.

ಹಾಗಾಗಿ ಕೈಮುಗಿದು ಕೇಳುತ್ತೇನೆ. ಮಂಡಿ ಆಪರೇಷನ್ ದಿನ ನೋಡುವಾಗ ಒಂದು ಕೈಯಲ್ಲಿ ಡಾಕ್ಟರ ಚೀಟಿ, ಇನ್ನೊಂದು ಕೈಯಲ್ಲಿ ಮಗುವಿನ ಶಾಲೆಯ ಕ್ಯಾಲೆಂಡರ್ ಇರಲಿ. ಏಪ್ರಿಲ್, ಮೇ ಬೇಸಿಗೆ ರಜೆ ಇದೆ, ದಸರಾ ರಜೆ ಇದೆ. ಮನೆಯಲ್ಲಿ ಹತ್ತನೇ ತರಗತಿಯ ಮಗು ಇದ್ದರೆ ಫೆಬ್ರವರಿ, ಮಾರ್ಚ್ ಬೇಡ. ರಮಝಾನ್ ತಿಂಗಳ ಬಗ್ಗೆಯೂ ಡಾಕ್ಟರ ಜೊತೆ ಮೊದಲೇ ಮಾತಾಡಿ. ಮೊದಲ ಕೆಲವು ವಾರ ಹೊತ್ತುಹೊತ್ತಿಗೆ ಔಷಧ, ನೀರು, ಊಟ, ವ್ಯಾಯಾಮ ಆಗಲೇಬೇಕು. ರೋಗಿಗೆ ಉಪವಾಸದಲ್ಲಿ ವಿನಾಯಿತಿ ಇದೆ, ಆಮೇಲೆ ಪೂರೈಸಬಹುದು ಎಂದು ನಮಗೆಲ್ಲ ಗೊತ್ತು. ಆದರೂ ಹಿರಿಯರು ಕೇಳುವುದಿಲ್ಲ, ಉಪವಾಸ ಹಿಡಿಯುತ್ತೇನೆ ಎನ್ನುತ್ತಾರೆ. ನಮಾಝ್ ವಿಷಯವೂ ಹಾಗೆಯೇ. ಕುರ್ಚಿಯಲ್ಲಿ ಕುಳಿತು ಮಾಡಲು ಅವಕಾಶವಿದೆ. ಮುಂದೆ ನೆಲದ ಮೇಲೆ ಕೂರಬಹುದೇ, ಯಾವಾಗ ಎಂಬುದನ್ನು ಆಪರೇಷನ್ನಿಗೆ ಮೊದಲೇ ಸರ್ಜನ್ನರನ್ನು ಕೇಳಿಟ್ಟುಕೊಳ್ಳಿ.

ಮನೆಯೂ ಸಿದ್ಧವಿರಬೇಕು. ಎಲ್ಲ ಸರಿಯಿದ್ದು ಡಾಕ್ಟರು "ನಾಳೆ ಹೋಗಬಹುದು" ಎಂದಾಗ "ಇನ್ನೆರಡು ದಿನ ಇರಲಿ ಸಾರ್" ಎಂದು ನಾವೇ ಹೇಳುವುದುಂಟು. ಏಕೆ? ಮನೆಯಲ್ಲಿ ಕಮೋಡ್ ಇಲ್ಲ, ಕುಕ್ಕರುಗಾಲಲ್ಲಿ ಕೂರುವ ಟಾಯ್ಲೆಟ್. ಮಲಗುವ ಕೋಣೆ ಮಹಡಿಯಲ್ಲಿ. ಚಾಪೆ ಬಿಟ್ಟರೆ ಮಂಚ ಇಲ್ಲ. ಇವುಗಳನ್ನು ದಿನ ಗೊತ್ತಾದ ಮೇಲಲ್ಲ, ಮೊದಲು ನೋಡಬೇಕು. ಕಮೋಡ್ ಕಟ್ಟಿಸಲು ಆಗದಿದ್ದರೆ ಕಮೋಡ್ ಕುರ್ಚಿ ಸಿಗುತ್ತದೆ. ನಮ್ಮ ಟ್ರಸ್ಟ್ ನಾಲ್ಕು ಕಮೋಡ್ ಕುರ್ಚಿ, ನಾಲ್ಕು ವಾಕರ್ ತೆಗೆದಿಟ್ಟರೆ ಒಂದು ಮನೆಯಿಂದ ಇನ್ನೊಂದು ಮನೆಗೆ ಅವು ವರ್ಷಗಟ್ಟಲೆ ಓಡಾಡುತ್ತವೆ. ಇದು ದೊಡ್ಡ ಖರ್ಚಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನನ್ನ ಮಾತು ಕೇಳಿ ಯಾರೂ "ಮೂರು ದಿನ ಆಯಿತು, ಬಿಟ್ಟುಬಿಡಿ" ಎಂದು ಆಸ್ಪತ್ರೆಯಲ್ಲಿ ಹಟ ಮಾಡಬೇಡಿ. ಬೇಗ ಬರುವುದು ಸ್ಪರ್ಧೆಯಲ್ಲ. ವಯಸ್ಸಾದವರಿಗೆ, ಹೃದಯ, ಕಿಡ್ನಿ ತೊಂದರೆ ಇರುವವರಿಗೆ, ಎರಡೂ ಮಂಡಿ ಒಟ್ಟಿಗೆ ಮಾಡಿಸಿದವರಿಗೆ ಹೆಚ್ಚು ದಿನ ಬೇಕಾಗಬಹುದು. ಆ ದಿನಗಳು ವ್ಯರ್ಥವಲ್ಲ. ವ್ಯರ್ಥವಾಗುವುದು ಬರೀ ಕಾಯುವ ದಿನಗಳು. ಸುಮ್ಮನೆ ಮಲಗಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ, ಎದೆಯಲ್ಲಿ ಕಫ ಕಟ್ಟುವುದು, ಸ್ನಾಯು ಸೊರಗುವುದು ಹೆಚ್ಚಾಗುತ್ತದೆ. ಮನೆಗೆ ಬಂದ ಮೇಲೆ ಮೀನಖಂಡದಲ್ಲಿ ನೋವು, ಊತ ಕಂಡರೆ, ಗಾಯದಿಂದ ನೀರು ಸೋರಿದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ. ಉಸಿರಾಟಕ್ಕೆ ತೊಂದರೆಯಾದರೆ, ಎದೆ ನೋವು ಬಂದರೆ ಕಾಯದೆ ಹತ್ತಿರದ ಎಮರ್ಜೆನ್ಸಿಗೆ ಹೋಗಿ.

ಇಷ್ಟೆಲ್ಲ ನೆನಪಿಡುವುದು ಕಷ್ಟ. ಹಾಗಾಗಿ ಆರು ಪ್ರಶ್ನೆ ಬರೆದು ತಂದಿದ್ದೇನೆ. ತಾರೀಕು ಬರೆದುಕೊಳ್ಳುವ ಮೊದಲು ಇವನ್ನು ಕೇಳಿ.

ಒಂದು: ಈ ಆಪರೇಷನ್ ಬೆಳಗಿನ ಪಟ್ಟಿಯಲ್ಲೋ, ಮಧ್ಯಾಹ್ನದ್ದೋ?
ಎರಡು: ಅಂದೇ ನಿಲ್ಲಿಸುತ್ತೀರಾ? ಯಾರು ನಿಲ್ಲಿಸುತ್ತಾರೆ?
ಮೂರು: ಶನಿವಾರ ಮಧ್ಯಾಹ್ನ, ಭಾನುವಾರ, ಹಬ್ಬದ ದಿನ ಫಿಸಿಯೋಥೆರಪಿಸ್ಟ್ ಇರುತ್ತಾರಾ?
ನಾಲ್ಕು: ಪ್ಯಾಕೇಜಿನಲ್ಲಿ ಎಷ್ಟು ದಿನ? ಹೆಚ್ಚಾದರೆ ದಿನಕ್ಕೆ ಎಷ್ಟು?
ಐದು: ಯಾವ ಪರೀಕ್ಷೆಗಳನ್ನು ಈಗಲೇ ಮಾಡಿಸಿ ತರಬಹುದು?
ಆರು: ಮನೆಗೆ ಹೋಗುವ ಮೊದಲು ರೋಗಿ ಏನೇನು ಮಾಡಲು ಕಲಿತಿರಬೇಕು?

ಭಾನುವಾರ ಯಾರೂ ಇಲ್ಲ ಎಂದರೆ "ವಾರದ ಮೊದಲಲ್ಲಿ ಕೊಡಬಹುದೇ?" ಎಂದು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಒಂದೊಂದು ಯೂನಿಟ್ಟಿಗೆ ಆಪರೇಷನ್ ದಿನ ಗೊತ್ತಾಗಿರುತ್ತದೆ, ಅದು ಬದಲಾಗಲಿಕ್ಕಿಲ್ಲ. ಆಗ ಭಾನುವಾರದ ವ್ಯಾಯಾಮವನ್ನು ಶನಿವಾರವೇ ಮನೆಯವರೊಬ್ಬರಿಗೆ ಕಲಿಸಿಕೊಡಿ ಎಂದು ಕೇಳಬಹುದು. ನರ್ಸ್ ಒಬ್ಬರ ಎದುರಿಗೆ, ಅವರ ಒಪ್ಪಿಗೆಯಿಂದ ಅದನ್ನು ಮಾಡಿಸಬಹುದು. ಕೇಳಿದ ತಕ್ಷಣ ಎಲ್ಲ ಸಿಗುತ್ತದೆ ಎಂದಲ್ಲ. ಕೇಳದೆ ಇದ್ದರೆ ಮಾತ್ರ ಏನೂ ಸಿಗುವುದಿಲ್ಲ.

ದಾನಿಗಳಲ್ಲಿ ನನ್ನ ವಿನಂತಿ ಎರಡು. ನಮ್ಮ ವೈದ್ಯಕೀಯ ನೆರವಿನ ಅರ್ಜಿಯಲ್ಲಿ ಈ ಆರು ಪ್ರಶ್ನೆಗಳನ್ನು ಅಚ್ಚು ಹಾಕಿಸಿ. ಅರ್ಜಿ ಬರೆಯುವಾಗಲೇ ಮನೆಯವರು ಆಸ್ಪತ್ರೆಯಲ್ಲಿ ಕೇಳಿ ಬರುತ್ತಾರೆ. ಎರಡನೆಯದು, ಶಾಲೆಗೆ ಹೋಗುವ ಮಗುವೊಂದೇ ಆಸರೆಯಾಗಿರುವ ಮನೆಗೆ, ಮೂರು ನಾಲ್ಕು ದಿನದ ಮಟ್ಟಿಗೆ, ಹಗಲು ಆಸ್ಪತ್ರೆಯಲ್ಲಿರಲು ಒಬ್ಬ ಹೆಂಗಸಿನ ಸಂಬಳ ಕೊಡಿ. ಒಂದು ವಿದ್ಯಾರ್ಥಿವೇತನ ಕೊಟ್ಟು ಮಗುವನ್ನು ಶಾಲೆಗೆ ಕಳಿಸುವುದು ಎಷ್ಟು ಮುಖ್ಯವೋ, ಆ ಮಗು ಶಾಲೆ ತಪ್ಪದಂತೆ ನೋಡುವುದೂ ಅಷ್ಟೇ ಮುಖ್ಯ.

ಮಕ್ಕಳೇ, ಕೊನೆಯ ಮಾತು ನಿಮಗೆ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡವರು ನನ್ನ ಹತ್ತಿರ ಬಂದು ಹೇಳುವುದು ಎರಡೇ ಹೆಸರು, ಎಂಬಿಬಿಎಸ್, ಇಂಜಿನಿಯರಿಂಗ್. ಎಂಬಿಬಿಎಸ್ ಸೀಟು ಸಿಗದಿದ್ದರೆ ಮುಖ ಸಪ್ಪೆ. ಫಿಸಿಯೋಥೆರಪಿ ಇದೆ, ನರ್ಸಿಂಗ್ ಇದೆ. ಮೇಲಿನ ಕತೆಯಲ್ಲಿ ಐದು ರಾತ್ರಿಗೂ ಮೂರು ರಾತ್ರಿಗೂ ನಡುವೆ ನಿಂತಿದ್ದವರು ಯಾರು ಎಂದು ಯೋಚಿಸಿ ನೋಡಿ. ಭಾನುವಾರ ಬೆಳಿಗ್ಗೆ ಒಬ್ಬ ಅಜ್ಜಿಯ ಕೈಗೆ ವಾಕರ್ ಕೊಟ್ಟು "ಏಳಿ, ನಾನಿದ್ದೇನೆ" ಎನ್ನುವ ಒಬ್ಬರು. ಆ ಒಬ್ಬರು ನಮ್ಮ ಈ ಸಭೆಯಿಂದ ಬರಲಿ. ಅದಕ್ಕೆ ಬೇಕಾದ ಫೀಸಿಗೆ ಟ್ರಸ್ಟ್ ಕೈಚಾಚಲಿ ಎಂದು ಅಧ್ಯಕ್ಷರಲ್ಲಿ ಎಲ್ಲರೆದುರೇ ಕೇಳಿಕೊಳ್ಳುತ್ತೇನೆ.

ನೋವಿನಲ್ಲಿರುವವರಿಗೆ ಅಲ್ಲಾಹನು ಶಿಫಾ ಕೊಡಲಿ, ಸೇವೆ ಮಾಡುವ ಕೈಗಳಿಗೆ ಬಲ ಕೊಡಲಿ.